ನಗುವ ಮುಖಕ್ಕೆ ಬೆರಳು

ಉಡಿಗಾಲ
12-6-1994

ಪ್ರೀತಿಯ ಅಕ್ಕನಿಗೆ,

ರಂಜಿಯನ್ನು ನಿನ್ನ ಮನೆಯಲ್ಲಿ ಬಿಟ್ಟು ಬಂದ ಇವರು ಕಾಲು ಕೂಡ ತೊಳೆಯದೆ ಜಗುಲಿಯ ಮೇಲೆ ಕೂತರು. "ಅತ್ಳಾ?" ಅಂತ ಕೇಳಿದೆ. "ಇಲ್ಲ ಕಣ. ದೊಡ್ಡವ್ವನ ಸೆರಗ ಹಿಡ್ಕಂಡು ಒಳಕ್ಕೆ ಓದ್ಲು. ತಿರುಗೂ ನೋಡ್ನಿಲ್ಲ" ಅಂದರು. ಅಳಲಿಲ್ಲವಲ್ಲ ಎಂದು ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಆರು ವರ್ಷ ಮಡಿಲಲ್ಲಿಟ್ಟು ಬೆಳೆಸಿದ ಮಗು ಅಪ್ಪನನ್ನಾದರೂ ಒಂದು ಸಲ ತಿರುಗಿ ನೋಡಬಾರದೆ?

ಡಾಕ್ಟರ್ ಹೇಳಿದ್ದರಲ್ಲಿ ಇವರು ಅರ್ಧ ಹೇಳಿ ಅರ್ಧ ಮರೆತಿರುತ್ತಾರೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಅವಳ ಎಡಗಣ್ಣು ನೋಡುವವರಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಬಲಗಣ್ಣೇ ನೋಡಿ ನೋಡಿ ಎಡಗಣ್ಣು ಸೋಮಾರಿ ಆಗಿಬಿಟ್ಟಿದೆಯಂತೆ. ಬಲಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿದರೆ, ಎಡಗಣ್ಣು ಬೇರೆ ದಾರಿಯಿಲ್ಲದೆ ನೋಡಲು ಕಲಿಯುತ್ತದೆ. ಎದ್ದಾಗಿನಿಂದ ಮಲಗುವವರೆಗೂ ಪಟ್ಟಿ ಇರಬೇಕು, ಶಾಲೆಯಲ್ಲೂ ಇರಬೇಕು. ಎಂಟು ವರ್ಷ ತುಂಬಿದ ಮೇಲೆ ಏನು ಮಾಡಿದರೂ ದೃಷ್ಟಿ ಬರುವುದಿಲ್ಲವಂತೆ. ಇನ್ನಿರುವುದು ಒಂದೂವರೆ ವರ್ಷ.

ನಮ್ಮ ಅತ್ತೆಗೆ ಇದೊಂದೂ ಒಪ್ಪಿಗೆಯಿಲ್ಲ. "ನೆಟ್ಟಗಿರೋ ಕಣ್ಣ ಮುಚ್ಚಿ ಕೆಟ್ಟಿರೋ ಕಣ್ಣ ಬುಡೋದು ಯಾವೂರ ನ್ಯಾಯ ಕಣಮ್ಮಿ? ಬಡವರ ಮಕ್ಳ ಮ್ಯಾಲೆ ಕೆಲ್ಸ ಕಲೀತಾವ್ರೆ" ಅನ್ನುತ್ತಾರೆ. ಹಾಗೇ ಇರಬಹುದೋ ಏನೋ ಎಂದು ಒಂದೊಂದು ಸಲ ನನಗೂ ಅನಿಸುತ್ತದೆ.

ಪಾಪನಿಗೆ ಇನ್ನೂ ಮೂರು ತಿಂಗಳು. ರೇಷ್ಮೆ ಹುಳ ಕೊನೆಯ ಜ್ವರ ಎದ್ದು, ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ಕೇಳುತ್ತಿವೆ. ಇಲ್ಲಿ ಅವಳು ಪಟ್ಟಿ ಕಿತ್ತೆಸೆದರೆ ನೋಡುವವರಿಲ್ಲ. ಆ ಮೈಸೂರು ಡಾಕ್ಟರೂ ತಿಂಗಳಿಗೊಂದು ಸಲ ನಿಮ್ಮ ಊರಿಗೇ ಬರುತ್ತಾರೆ. ಅದಕ್ಕೇ ಕಳಿಸಿದ್ದು, ಬೇರೆ ಯಾವುದಕ್ಕೂ ಅಲ್ಲ. ನಿನಗಾದರೆ ಅವಳೊಬ್ಬಳೇ. ತಪ್ಪು ತಿಳಿಯಬೇಡ, ನೋಡಿಕೊಳ್ಳಲು ಬಿಡುವಿದೆ ಎಂಬ ಅರ್ಥದಲ್ಲಿ ಬರೆದೆ.

ಭಾವನಿಗೆ ನಮಸ್ಕಾರ.

ನಿನ್ನ ತಂಗಿ
ನೀಲಾವತಿ


ಗುಂಡ್ಲುಪೇಟೆ
3-7-1994

ನೀಲಾ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಮುಖ ತೊಳೆದು ನನ್ನ ಮುಂದೆ ಬಂದು ಕೂರುತ್ತಾಳೆ, ನಾನು ಪಟ್ಟಿ ಅಂಟಿಸುತ್ತೇನೆ. ನಿಮ್ಮ ಭಾವ ಡಿಪೋಗೆ ಹೊರಡುವಾಗ "ಏನ್ ಸಾಹೇಬ್ರೆ, ಇವತ್ತು ಎಷ್ಟ್ ಜನ ಕಳ್ರ ಇಡೀತೀರಿ?" ಅಂತ ಸೆಲ್ಯೂಟ್ ಹೊಡೆಯುತ್ತಾರೆ. ಅವಳು ನಗುತ್ತಾಳೆ.

ಒಂದು ವಿಚಿತ್ರ ಹೇಳಬೇಕು. ಡಾಕ್ಟರ ಜೊತೆ ಮೈಸೂರಿಂದ ರಾಜಮ್ಮಣ್ಣಿ ಎಂಬ ಒಬ್ಬ ಹುಡುಗಿ ಬರುತ್ತಾರೆ. ಕಣ್ಣಿಗೆ ಪಟ್ಟಿ ಹಾಕಿದ ಮಕ್ಕಳ ಮನಸ್ಸಿಗೆ ಏನಾಗುತ್ತದೆ, ಮನೆಯಲ್ಲಿ ಶಾಲೆಯಲ್ಲಿ ಹೇಗಿರುತ್ತಾರೆ ಎಂಬುದನ್ನು ಅಳೆಯುತ್ತಾರಂತೆ. ನಿಮ್ಮ ಭಾವ ಕೇಳಿದರು: "ಮನ್ಸ ಯಾವುದ್ರಲ್ಲಿ ಅಳೀತೀರವ್ವ? ಸೇರ್ನಲ್ಲೋ, ಮೊಳದಲ್ಲೋ?" ಆಕೆ ನಕ್ಕು, ಒಂದು ರಟ್ಟು ತೆಗೆದು ತೋರಿಸಿದರು. ಅದರಲ್ಲಿ ಮೂರು ಮುಖ ಬರೆದಿದ್ದಾರೆ. ಒಂದು ನಗುವುದು, ಒಂದು ಸುಮ್ಮನಿರುವುದು, ಒಂದು ಅಳುವುದು. "ಪಟ್ಟಿ ಹಾಕಿದಾಗ ನಿಂಗೆ ಯಾವ ಥರ ಇರುತ್ತೆ ಪುಟ್ಟಿ?" ಎಂದು ಕೇಳಿದರೆ ನಿನ್ನ ಮಗಳು ಟಕ್ಕನೆ ನಗುವ ಮುಖಕ್ಕೆ ಬೆರಳಿಟ್ಟಳು.

ಆಮೇಲೆ ನನ್ನನ್ನು ಹಿಡಿದುಕೊಂಡರು. ಮಗು ಹಟ ಮಾಡುತ್ತದೆಯೇ, ನೀವು ಹೊಡೆಯುತ್ತೀರಾ, ಬೇರೆ ಮಕ್ಕಳು ಆಟಕ್ಕೆ ಸೇರಿಸುತ್ತಾರಾ, ಮಗುವಿನ ತಾಯಿ ಯಾಕೆ ಜೊತೆಯಲ್ಲಿಲ್ಲ. ಕೊನೆಯದನ್ನು ಕೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣಿಗೆ ಔಷಧಿ ಕೊಡುವವರಿಗೆ ನಮ್ಮ ಮನೆಯ ವಿಚಾರ ಯಾಕೆ? ಎಲ್ಲವನ್ನೂ ಬರೆದುಕೊಂಡು ಯಾರಿಗೆ ಒಪ್ಪಿಸುತ್ತಾರೋ ಗೊತ್ತಿಲ್ಲ. ಎಲ್ಲ ಚೆನ್ನಾಗಿದೆ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ.

ನನಗೆ ಬಿಡುವಿದೆ ಎಂದು ಬರೆದಿದ್ದೀಯ. ಇದೆ.

ಸುಂದ್ರಮ್ಮ


ಉಡಿಗಾಲ
15-9-1994

ಅಕ್ಕನಿಗೆ,

ಗೌರಿ ಹಬ್ಬಕ್ಕೆ ರಂಜಿಯನ್ನು ಕಳಿಸಿಕೊಟ್ಟೆ, ಸಂತೋಷ. ನೀನು ಹೊಲಿಸಿದ ಹಸಿರು ಲಂಗ ಅವಳಿಗೆ ಒಪ್ಪುತ್ತದೆ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಹಬ್ಬದ ದಿನ ಬೆಳಿಗ್ಗೆ ಪಟ್ಟಿ ಅಂಟಿಸಲು ಹೋದರೆ ಅವಳು ನೆಲದ ಮೇಲೆ ಬಿದ್ದು ಹೊರಳಾಡಿಬಿಟ್ಟಳು. ನನ್ನ ಕೈ ಕಚ್ಚಿದಳು. ಮುಂದೆ ಬಂದು ಕೂತು ಹಾಕಿಸಿಕೊಳ್ಳುತ್ತಾಳೆ ಎಂದು ಬರೆದಿದ್ದೆಯಲ್ಲ, ಆ ಮಗು ಯಾವುದು? ಇನ್ನೂ ಒಂದಿದೆ. ನಿಮ್ಮಲ್ಲಿಂದ ಬಂದ ದಿನ ಅವಳ ಕಣ್ಣಿನ ಸುತ್ತ ಚರ್ಮ ಬೆಣ್ಣೆಯ ಹಾಗಿತ್ತು. ನಾನು ನಾಲ್ಕು ದಿನ ಪಟ್ಟಿ ಹಾಕಿ ತೆಗೆಯುವಷ್ಟರಲ್ಲಿ ಕೆಂಪಾಗಿ ತುರಿಸಿಕೊಳ್ಳುವ ಹಾಗಾಯಿತು. ಮೂರು ತಿಂಗಳು ಹಾಕಿದರೂ ನಿನ್ನ ಕೈಯಲ್ಲಿ ಏನೂ ಆಗಲಿಲ್ಲವೆ?

ಹೊರಡುವ ಹಿಂದಿನ ದಿನ ತಲೆ ಬಾಚುತ್ತಿದ್ದಾಗ ಕೇಳಿದೆ, "ದೊಡ್ಡವ್ವನ ಮನೇಲಿ ಸಂದಾಗಿದ್ದೀಯೇನಮ್ಮಿ?" ಅಂತ. ಕಿವಿಯ ಹತ್ತಿರ ಬಂದು "ಅಲ್ಲಿ ಬ್ಯಾಡ ಕವ್ವ, ನಿನ್ನ ತಾವೇ ಇರ್ತಿನಿ" ಅಂದಳು. ಮಗು ಅಷ್ಟು ಹೇಳಿದರೂ ಬಸ್ಸು ಹತ್ತಿಸಿದೆನಲ್ಲ, ನನ್ನ ಕರುಳು ಎಂಥದು ನೋಡು.

ಆ ಪ್ರಶ್ನೆ ಕೇಳುವ ಮೇಡಂ "ತಾಯಿ ಯಾಕೆ ಜೊತೆಯಲ್ಲಿಲ್ಲ" ಎಂದಾಗ ನೀನು ಏನು ಉತ್ತರ ಕೊಟ್ಟೆ? ಅದನ್ನು ಮಾತ್ರ ನೀನು ಬರೆಯಲೇ ಇಲ್ಲ.

ನೀಲಾವತಿ


ಗುಂಡ್ಲುಪೇಟೆ
25-9-1994

ನೀಲಾ,

ಪಟ್ಟಿ ತೆಗೆಯುವ ಮುಂಚೆ ಅಂಚಿಗೆಲ್ಲ ಕೊಬ್ಬರಿ ಎಣ್ಣೆ ಸವರಿ ನೆನೆಸುತ್ತೇನೆ. ನಿನ್ನ ಹಾಗೆ ಸರಕ್ಕನೆ ಕೀಳುವುದಿಲ್ಲ. ಚರ್ಮ ಕೆಂಪಾಗದೆ ಇರುವುದೂ ಒಂದು ತಪ್ಪು ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ ಮಗಳು ನಿನ್ನ ಕಿವಿಯಲ್ಲಿ ಹೇಳಿದ್ದನ್ನು ಬರೆದೆ. ನನ್ನ ಕಿವಿಯಲ್ಲಿ ಹೇಳಿದ್ದನ್ನೂ ಕೇಳು. ಬಸ್ಸಿಳಿದು ಮನೆಗೆ ಬಂದವಳು ಸೀದಾ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. "ಯಾಕಮ್ಮಿ, ಅವ್ವನ ಬುಟ್ಟು ಬಂದಿದ್ದಕ್ಕೆ ಬೇಜಾರಾ?" ಅಂದೆ. "ಇಲ್ಲ ದೊಡ್ಡವ್ವ, ಅವ್ವಂಗೆ ಪಾಪ ಇದ್ರೆ ಸಾಕು" ಅಂದಳು. ಆರು ವರ್ಷದ ಮಗುವಿಗೆ ಇಂಥ ಮಾತು ತಾನಾಗಿ ಹುಟ್ಟುತ್ತದೆಯೆ? ಮನೆಯಲ್ಲಿ ಯಾರದೋ ಬಾಯಿಂದ ಕೇಳಿರಬೇಕು, ಇಲ್ಲ ಕಣ್ಣಾರೆ ಕಂಡಿರಬೇಕು. ಗಂಡು ಮಗು ಬಂದ ಮೇಲೆ ಒಂದು ಕಣ್ಣು ಕಾಣದ ಹೆಣ್ಣು ಮಗುವನ್ನು ದೂರದ ಮನೆಗೆ ಕಳಿಸಿದರು ಎಂದು ನಾಲ್ಕು ಜನ ಮಾತಾಡಿದರೆ ನಾನು ಯಾರ ಬಾಯಿ ಮುಚ್ಚಲಿ?

ಮೇಡಂಗೆ "ತಾಯಿಗೆ ಬಿಡುವಿಲ್ಲ" ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಕಡಿಮೆ ಹೇಳಲು ಆಗಲಿಲ್ಲ.

ಸುಂದ್ರಮ್ಮ


ಉಡಿಗಾಲ
20-11-1994

ಅಕ್ಕನಿಗೆ,

ರಂಜಿಯ ಕಣ್ಣು ಪರೀಕ್ಷೆಗೆ ಇವರು ಬಂದಿದ್ದರಲ್ಲ, ಡಾಕ್ಟರ್ ಏನು ಹೇಳಿದರು ಎಂದು ನನಗೆ ಹೇಳಿದ್ದಾರೆ. ಜೂನ್‌ನಲ್ಲಿ ಎಡಗಣ್ಣು ಎಲ್ಲಿತ್ತೋ ಅಲ್ಲೇ ಇದೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ಒಂದು ಸಾಲು ಕೂಡ ಕೆಳಗಿಳಿದಿಲ್ಲ. ದಿನವಿಡೀ ಪಟ್ಟಿ ಹಾಕಿದ ಮಕ್ಕಳಿಗೆ ಇಷ್ಟರಲ್ಲಿ ಸ್ವಲ್ಪವಾದರೂ ಕಾಣಬೇಕಿತ್ತು ಎಂದರಂತೆ. ಆಗ ನೀನು ನೆಲ ನೋಡುತ್ತಿದ್ದೆಯಂತೆ.

ನಾನು ಕೇಳುವುದು ಒಂದೇ. ಶಾಲೆಯಲ್ಲಿ ಅವಳ ಕಣ್ಣಿಗೆ ಪಟ್ಟಿ ಇರುತ್ತದೋ ಇಲ್ಲವೋ? ಬೆಟ್ಟದ ಗೋಪಾಲಸ್ವಾಮಿಯ ಮೇಲೆ ಆಣೆಯಿಟ್ಟು ಬರೆ.

ನೀಲಾವತಿ


ಗುಂಡ್ಲುಪೇಟೆ
27-11-1994

ನೀಲಾ,

ಪಟ್ಟಿ ಹಾಕಿಯೇ ಶಾಲೆಗೆ ಕಳಿಸುತ್ತೇನೆ.

ಒಡಹುಟ್ಟಿದವಳ ಹತ್ತಿರ ಆಣೆ ಕೇಳುವ ಕಾಲ ಬಂತಲ್ಲ. ನಾನು ಆಣೆ ಇಡುವುದಿಲ್ಲ. ನಂಬುವುದಿದ್ದರೆ ನಂಬು.

ಸುಂದ್ರಮ್ಮ


ಉಡಿಗಾಲ
8-12-1994

ಸುಂದ್ರಕ್ಕನಿಗೆ,

ಹೋದ ಶುಕ್ರವಾರ ಗುಂಡ್ಲುಪೇಟೆಗೆ ಬಂದಿದ್ದೆ.

ಮನೆಯಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಎಂದು ಸುಳ್ಳು ಹೇಳಿ, ಪಾಪನನ್ನು ಅತ್ತೆಯ ಕೈಗೆ ಕೊಟ್ಟು, ಬೆಳಗಿನ ಮೊದಲ ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗಿಬಿಡಲೇ ಅನಿಸಿತು. ಅಕ್ಕನ ಮೇಲೆ ಹೀಗೆ ಪತ್ತೇದಾರಿಕೆ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಇಳಿಯಲಿಲ್ಲ.

ಶಾಲೆಯ ಎದುರಿನ ಸೈಕಲ್ ಅಂಗಡಿಯ ಪಕ್ಕದಲ್ಲಿ ನಿಂತಿದ್ದೆ. ನೀನು ಅವಳ ಕೈ ಹಿಡಿದು ಬಂದೆ. ಪಟ್ಟಿ ಇತ್ತು. ನನ್ನ ಜೀವಕ್ಕೆ ಎಷ್ಟು ಹಾಯೆನಿಸಿತು ಗೊತ್ತೆ, ಓಡಿ ಬಂದು ನಿನ್ನ ಕಾಲು ಹಿಡಿಯಬೇಕು ಎನಿಸಿತು. ಅಷ್ಟರಲ್ಲಿ ನೀನು ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಆ ಕಡೆ ಈ ಕಡೆ ನೋಡಿ, ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸಿದೆ. ಅವಳು ಕುಣಿಯುತ್ತ ಒಳಗೆ ಹೋದಳು.

ನೀನು ಬರೆದದ್ದು ಸುಳ್ಳಲ್ಲ. ಪಟ್ಟಿ ಹಾಕಿಯೇ ಕಳಿಸುತ್ತೀಯ. ಗೇಟಿನವರೆಗೆ.

ನಾನು ಪಟ್ಟಿ ಹಾಕುವ ಕೆಟ್ಟ ತಾಯಿ, ನೀನು ಪಟ್ಟಿ ತೆಗೆಯುವ ಒಳ್ಳೆಯ ದೊಡ್ಡವ್ವ. ಮೇಡಂ ಬಂದು ಅಳೆದರೆ ಮಗು ಯಾರ ಮನೆಯಲ್ಲಿ ನಗುತ್ತದೆ ಎಂದು ಬರೆದುಕೊಳ್ಳುತ್ತಾರೆ? ಒಂದು ಮಗುವಿನ ಪ್ರೀತಿ ಸಂಪಾದಿಸಲು ಅದರ ಕಣ್ಣನ್ನೇ ಬಲಿ ಕೊಟ್ಟೆಯಲ್ಲ ಅಕ್ಕ. ನಿನಗೆ ಮಕ್ಕಳಿದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಭಾನುವಾರ ಇವರು ಬರುತ್ತಾರೆ. ಅವಳ ಬಟ್ಟೆ, ಪುಸ್ತಕ ಕಟ್ಟಿಡು.

ನೀಲಾವತಿ


ಗುಂಡ್ಲುಪೇಟೆ
19-12-1994

ನೀಲಾವತಿಗೆ,

ನಿನ್ನ ಗಂಡ ಮಾದೇಶ ಬಂದು ಮಗುವನ್ನು ಕರೆದುಕೊಂಡು ಹೋದ. ಪಾಪ, ಅವನಿಗೆ ನನ್ನ ಮುಖ ನೋಡಲಾಗಲಿಲ್ಲ. "ಅಕ್ಕೋ, ನಂಗೇನೂ ಗೊತ್ತಿಲ್ಲ, ಅವ್ಳು ಯೋಳ್ದ ಹಂಗೆ ಬಂದಿವ್ನಿ" ಎಂದು ಬಾಗಿಲಲ್ಲೇ ನಿಂತಿದ್ದ. ರಂಜಿ ಈ ಸಲವೂ ಅಳಲಿಲ್ಲ. ಬಸ್ಸಿನ ಕಿಟಕಿಯಿಂದ ನಗುತ್ತ ಕೈ ಬೀಸಿದಳು.

ನೀನು ನೋಡಿದ್ದು ನಿಜ. ಜುಲೈ ಕೊನೆಯಿಂದ ಶಾಲೆಯ ಹೊತ್ತಿನಲ್ಲಿ ಪಟ್ಟಿ ತೆಗೆಯುತ್ತಿದ್ದೆ. ಯಾಕೆ ಎಂದು ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ.

ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋಗಿದ್ದೆ. ಬೇವಿನ ಮರದ ಕೆಳಗೆ ಮಕ್ಕಳು ಸುತ್ತ ನಿಂತು ಏನೋ ಆಡುತ್ತಿದ್ದರು, ನಡುವೆ ರಂಜಿ. ಒಂದೊಂದು ಹುಡುಗಿ ಸ್ವಲ್ಪ ದೂರದಲ್ಲಿ ನಿಂತು, ಗಂಟಲು ಬದಲಿಸಿ, "ನಾನ್ಯಾರು ಯೋಳು?" ಎನ್ನುವುದು. ಎಲ್ಲರದೂ ಒಂದೇ ನೀಲಿ ಲಂಗ. ಆ ಎಡಗಣ್ಣಿಗೆ ಮುಖ ಎಲ್ಲಿ ಕಾಣಬೇಕು? ಇವಳು ಅಂದಾಜಿನಲ್ಲಿ ಒಂದು ಹೆಸರು ಹೇಳುವುದು. ತಪ್ಪಾದರೆ ತಲೆಗೊಂದು ಮೊಟಕು. ಮತ್ತೆ "ನಾನ್ಯಾರು ಯೋಳು?" ಮತ್ತೆ ಮೊಟಕು. ನಾನು ಗೇಟು ಹಿಡಿದು ನಿಂತುಬಿಟ್ಟೆ. ಎದೆ ಒಡೆದದ್ದು ಮೊಟಕಿಗಲ್ಲ ನೀಲಾ. ಪ್ರತಿ ಮೊಟಕಿಗೂ ನಿನ್ನ ಮಗಳು ನಗುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಟೀಚರ್ ಕರಿಬಸಮ್ಮನವರಿಗೆ ಹೇಳಿದೆ. "ಮಕ್ಕಳಾಟ ಬುಡಿ, ಅವ್ಳೇ ನಗ್ತಾವ್ಳಲ್ಲ" ಅಂದರು. ಮಾರನೆಯ ದಿನ ಗೇಟಿನಲ್ಲಿ ಪಟ್ಟಿ ತೆಗೆದೆ. ಮನೆಯಲ್ಲಿದ್ದಾಗ ಹಾಕುತ್ತಿದ್ದೆ, ಅಷ್ಟಾದರೂ ನಂಬು. ನಿನಗೆ ಬರೆಯಬೇಕಿತ್ತು. ಬರೆದರೆ ನೀನು ಅವಳನ್ನು ಕರೆದುಕೊಂಡು ಹೋಗುತ್ತೀಯ ಎಂದು ಹೆದರಿದೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಸೈಕಲ್ ಅಂಗಡಿಯಿಂದ ನಮ್ಮ ಮನೆ ಎಷ್ಟು ದೂರ? ಬಂದು ಒಂದು ಲೋಟ ನೀರು ಕುಡಿದು, "ಯಾಕ್ ಇಂಗ್ ಮಾಡ್ದೆ" ಎಂದು ನನ್ನ ಕೆನ್ನೆಗೆ ಹೊಡೆದಿದ್ದರೂ ಆಗುತ್ತಿತ್ತು. ಕಳ್ಳರ ಮನೆಯನ್ನು ಕಾದಂತೆ ಕಾದು ಹೋದೆ. ಮಕ್ಕಳಿಲ್ಲದವಳು ಎಂಬ ಮಾತನ್ನು ಇಷ್ಟು ವರ್ಷ ಊರೆಲ್ಲ ಆಡಿತು. ನೀನೊಬ್ಬಳು ಆಡಿರಲಿಲ್ಲ.

ಸುಂದ್ರಮ್ಮ


ಗುಂಡ್ಲುಪೇಟೆ
15-1-1995

ನೀಲಾ,

ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ. ಡಿಪೋದ ದೊಡ್ಡಮಲ್ಲಪ್ಪ ಆ ಕಡೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಸಂಕ್ರಾಂತಿಯ ಎಳ್ಳು ಬೆಲ್ಲ ಕಳಿಸಿದ್ದೇನೆ. ಮಗುವಿಗೆ ಕೊಡುವುದೂ ಬಿಡುವುದೂ ನಿನ್ನ ಇಷ್ಟ.

ಮೇಡಂ ಬಂದಿದ್ದರು. ಮಗು ಊರಿಗೆ ಹೋಯಿತು ಎಂದೆ. ನಿಮ್ಮ ಊರಿನ ದಾರಿ ಕೇಳಿದರು, ಹೇಳಿದೆ. ಹೇಳಬಾರದಿತ್ತು ಎನ್ನುವುದಾದರೆ ಅದನ್ನೂ ನನ್ನ ತಲೆಗೆ ಕಟ್ಟು.

ಸುಂದ್ರಮ್ಮ


ಉಡಿಗಾಲ
12-2-1995

ಅಕ್ಕ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಕೋಪ ಇತ್ತು. ಕೋಪ ಇಳಿದ ಮೇಲೂ, ಇಳಿದಿದೆ ಎಂದು ನಿನಗೆ ತಿಳಿಯಬಾರದು ಎಂದು ಸುಮ್ಮನಿದ್ದೆ. ಈಗ ಬರೆಯದೆ ಇರಲಾರೆ. ಪೂರ್ತಿ ಓದು.

ಇಲ್ಲಿಗೆ ಬಂದಾಗಿನಿಂದ ಎದ್ದ ಕೂಡಲೇ ಪಟ್ಟಿ, ಮಲಗುವವರೆಗೂ ಪಟ್ಟಿ. ಹೊರಳಾಡಿದರೂ ಬಿಡಲಿಲ್ಲ. ನಿನ್ನ ಮೇಲಿನ ಹಟವೂ ಅದರಲ್ಲಿ ಸೇರಿತ್ತು. ಹೋದ ತಿಂಗಳ ಕೊನೆಯಲ್ಲಿ ಹುಳ ಹಣ್ಣಾಗಿದ್ದವು, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುತ್ತಿದ್ದೆವು. "ನಾನೂ ಕೊಡ್ತಿನಿ ಕವ್ವ" ಎಂದು ರಂಜಿ ಹುಳದ ತಟ್ಟೆ ಹಿಡಿದುಕೊಂಡು ಜಗುಲಿಯಿಂದ ಇಳಿದಳು. ಒಂದು ಮೆಟ್ಟಿಲು ಅವಳಿಗೆ ಕಾಣಲಿಲ್ಲ. ತಟ್ಟೆಯ ಸಮೇತ ಮುಖ ಅಡಿಯಾಗಿ ಬಿದ್ದಳು. ಅತ್ತೆ "ಅಯ್ಯೋ ಹುಳ, ಹುಳ" ಎಂದು ಬಾಯಿ ಬಡಿದುಕೊಂಡರು. ನಾನೂ ಓಡಿ ಬಂದೆ ಅಕ್ಕ, ಬಂದು ಮೊದಲು ಹುಳವನ್ನೇ ನೋಡಿದೆ. ಆಮೇಲೆ ಅವಳನ್ನು. ಹುಬ್ಬಿನ ಮೇಲೆ ಒಡೆದು ರಕ್ತ ಇಳಿಯುತ್ತಿತ್ತು. ಎದ್ದು ನಿಂತವಳು ನನ್ನ ಮುಖ ನೋಡಿದಳು. ನೋಡಿ, ನಕ್ಕಳು.

ನೀನು ಬರೆದಿದ್ದ ನಗು ಅದೇ. ಅಲ್ಲಿಯವರೆಗೆ ನಿನ್ನ ಕಾಗದವನ್ನು ನಾನು ನಂಬಿರಲಿಲ್ಲ. ನಿನ್ನ ತಪ್ಪು ಮುಚ್ಚಲು ಕಥೆ ಕಟ್ಟಿದ್ದೀಯ ಎಂದುಕೊಂಡಿದ್ದೆ.

ಹುಬ್ಬಿನ ಗಾಯ ಇನ್ನೂ ಹಸಿಯಾಗಿದ್ದಾಗಲೇ ರಾಜಮ್ಮಣ್ಣಿ ಮೇಡಂ ಬಂದರು. ನೀನು ಕಳಿಸಿದವರು ಎಂದು ಅವರ ಮೇಲೂ ನನಗೆ ಅನುಮಾನ, ಚಾಪೆ ಹಾಕಿದೆನೇ ಹೊರತು ಮಾತಾಡಲಿಲ್ಲ. ಅವರು ಆ ಮೂರು ಮುಖದ ರಟ್ಟು ತೆಗೆದರು. ಒಂದು ಕಣ್ಣಿಗೆ ಪಟ್ಟಿ, ಹುಬ್ಬಿಗೆ ಬ್ಯಾಂಡೇಜು, ಆ ಸ್ಥಿತಿಯಲ್ಲೂ ನಿನ್ನ ರಂಜಿ ನಗುವ ಮುಖಕ್ಕೆ ಬೆರಳಿಟ್ಟಳು. ಮೇಡಂ ಏನೂ ಬರೆದುಕೊಳ್ಳಲಿಲ್ಲ. ರಟ್ಟು ಒಳಗಿಟ್ಟು, "ನೀವೇ ಒಂದ್ಸಲ ಕೇಳಿ ನೋಡಿ. ನಿಮಗೆ ಹೇಳಬಹುದು" ಎಂದು ಎದ್ದು ಹೋದರು.

ಕೂಡಲೇ ಕೇಳಲು ಧೈರ್ಯವಾಗಲಿಲ್ಲ. ಎರಡು ದಿನ ಬಿಟ್ಟು, ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡೆ.

"ನೋಯ್ತಾ ಇರ್ನಿಲ್ವಾ ಅವತ್ತು?"

"ನೋಯ್ತಿತ್ತು."

"ಮತ್ಯಾಕಮ್ಮಿ ನಗೋದ ತೋರ್ಸ್ದೆ?"

"ಅಳೋದ ತೋರ್ಸುದ್ರೆ ಮೇಡಂ ಬರ್ಕತಾರೆ. ಬರ್ಕಂಡ್ರೆ ನನ್ನ ಇನ್ನೊಂದ್ ಮನೆಗೆ ಕಳಿಸ್ಬುಡ್ತೀರಿ."

"ದೊಡ್ಡವ್ವನ ಮನೆ ಬ್ಯಾಡ ಅಂತ ನೀನೇ ಅಲ್ವಾ ಯೋಳಿದ್ದು?"

"ನೀನು ಕೇಳ್ದಲ್ಲ, ಅದ್ಕೆ ಯೋಳ್ದಿ. ದೊಡ್ಡವ್ವನೂ ಕೇಳ್ತು, ಅಲ್ಲಿ ಅಂಗ್ ಯೋಳ್ದಿ."

ನಾವಿಬ್ಬರೂ ಅವಳ ಬಾಯಿಂದ ನಮಗೆ ಬೇಕಾದದ್ದನ್ನೇ ಕೇಳಿಸಿಕೊಂಡು, ಅದನ್ನು ತಂದು ಒಬ್ಬರಿಗೊಬ್ಬರು ಎಸೆದಾಡಿದೆವು. ಇಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಹೇಳಿದಳು:

"ಅವತ್ತು ನೀನು ಸೈಕಲ್ ಅಂಗ್ಡಿ ತಾವು ನಿಂತಿದ್ದೆ. ಪಟ್ಟಿ ಇರ್ನಿಲ್ಲ, ನಂಗೆ ಸಂದಾಗಿ ಕಾಣ್ತು. ಒಳಗ್ನಿಂದ ಕೈ ಆಡಿಸ್ದಿ. ನೀನು ಸೆರಗ ತಲೆ ಮ್ಯಾಲೆ ಎಳ್ಕಂಡು ಹೊಂಟೋದೆ."

ನಾನು ಸೆರಗು ಎಳೆದುಕೊಂಡದ್ದು ನಿನ್ನ ಕಣ್ಣಿಗೆ ಬೀಳಬಾರದು ಎಂದು. ಒಳಗೆ ಹೋದವಳು ಮತ್ತೆ ಗೇಟಿನ ಕಡೆ ತಿರುಗಿದ್ದನ್ನು ನಾನು ನೋಡಲೇ ಇಲ್ಲ. "ನಂಗೆ ಕಾಣ್ನಿಲ್ಲ ಕಣವ್ವ" ಅಂದೆ. ಅವಳು ನನ್ನನ್ನು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. "ಪಟ್ಟಿ ತೆಗ್ದಿದ್ನಲ್ಲ, ಅದ್ಕೆ ನಾನು ನಿಂಗೆ ಬ್ಯಾಡ ಅನ್ಕಂಡಿ" ಅಂದಳು. ಡಿಸೆಂಬರಿನಿಂದ ಇದನ್ನು ಎದೆಯಲ್ಲಿಟ್ಟುಕೊಂಡು ನನ್ನ ಜೊತೆ ಉಂಡಿದ್ದಾಳೆ, ಮಲಗಿದ್ದಾಳೆ.

ಎಲ್ಲವನ್ನೂ ಬರೆದಿದ್ದೇನೆ. ಮುಂದೆ ಏನು ಮಾಡಬೇಕು ಎಂದು ನನಗೆ ತೋಚುತ್ತಿಲ್ಲ. ಪಟ್ಟಿ ಬಿಟ್ಟರೆ ಕಣ್ಣು ಹೋಗುತ್ತದೆ. ಹಾಕಿದರೆ ಮಗು ಹೋಗುತ್ತದೆ. ನಿನ್ನನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ನೀಲಾ


ಗುಂಡ್ಲುಪೇಟೆ
26-2-1995

ನೀಲಾ,

ನಿನ್ನ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ನಿಮ್ಮ ಭಾವ ಡಿಪೋ ಕ್ಯಾಂಟೀನಿನಲ್ಲಿ ಊಟ ಮಾಡಿದರು.

ಡಾಕ್ಟರ್ ಬರುವ ದಿನ ನಾನೊಬ್ಬಳೇ ಹೋದೆ. ಕಾದು ಕೂತು, ಎಲ್ಲರೂ ಹೋದ ಮೇಲೆ ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಗೇಟಿನಲ್ಲಿ ಪಟ್ಟಿ ತೆಗೆದದ್ದು, ಆ ಮೊಟಕಿನ ಆಟ, ನಿಮ್ಮ ಮನೆಯ ಮೆಟ್ಟಿಲು, ರಂಜಿ ನಿನಗೆ ಹೇಳಿದ ಮಾತು. ಬೈಯುತ್ತಾರೆ ಎಂದು ಸೆರಗು ಬಿಗಿಹಿಡಿದು ನಿಂತಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದನ್ನೇ ಅಲ್ವೇನಮ್ಮಾ ನಾವು ಇಷ್ಟು ದಿನ ಕೇಳ್ತಾ ಇದ್ದದ್ದು?" ಅಂದರು. ಪಕ್ಕದಲ್ಲಿದ್ದ ರಾಜಮ್ಮಣ್ಣಿಯ ಕಣ್ಣಲ್ಲಿ ನೀರಿತ್ತು. ಆಕೆ ಎಲ್ಲ ಮನೆಗೂ ಹೋಗುತ್ತಾರಂತೆ, ಎಲ್ಲ ಮನೆಯಲ್ಲೂ ಚೆನ್ನಾಗಿದ್ದೇವೆ ಎನ್ನುತ್ತಾರಂತೆ, ಎಲ್ಲ ಮಕ್ಕಳೂ ನಗುವ ಮುಖವನ್ನೇ ಮುಟ್ಟುತ್ತವಂತೆ. ಕಷ್ಟ ಎಲ್ಲಿದೆ ಎಂದು ಗೊತ್ತಾದರೆ ತಾನೆ ಔಷಧಿ ಬದಲಾಯಿಸುವುದು?

ಇನ್ನು ಹೀಗೆ ಮಾಡಬೇಕಂತೆ. ಶಾಲೆಗೆ ಪಟ್ಟಿ ಬೇಡ. ಶಾಲೆಯಿಂದ ಬಂದ ಮೇಲೆ ಮಲಗುವವರೆಗೆ, ರಜೆಯ ದಿನ ಅರ್ಧ ದಿನ. ಆದರೆ ಪಟ್ಟಿ ಇದ್ದಾಗ ಸುಮ್ಮನೆ ಕೂರಿಸಬಾರದು, ಓಡಾಡುವ ಕೆಲಸವನ್ನೂ ಕೊಡಬಾರದು. ಕೂತು ಹತ್ತಿರದಿಂದ ನೋಡಿ ಮಾಡುವ ಕೆಲಸ ಕೊಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಹೂ ಕಟ್ಟುವುದು, ಬಣ್ಣ ತುಂಬುವುದು. ದೊಡ್ಡವರು ಯಾರಾದರೂ ಜೊತೆಯಲ್ಲಿ ಕೂತಿರಬೇಕು.

ಇನ್ನೊಂದು ವಿಷಯ. ಹೊರಡುವಾಗ ಡಾಕ್ಟರ್, "ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ?" ಅಂದರು. ಇಲ್ಲ ಅಂದೆ. "ನೀವೂ ಒಂದ್ಸಲ ಕೂತ್ಕೊಳ್ಳಿ" ಎಂದು ನನ್ನ ಬಲಗಣ್ಣು ಮುಚ್ಚಿಸಿ ಬೋರ್ಡು ತೋರಿಸಿದರು. ಮೇಲಿನ ದೊಡ್ಡ ಅಕ್ಷರವೂ ಮಸಿ ಚೆಲ್ಲಿದ ಹಾಗೆ ಕಂಡಿತು. ನನ್ನದೂ ಎಡಗಣ್ಣೇ ನೀಲಾ, ಹುಟ್ಟಿನಿಂದ. ನಲವತ್ತು ವರ್ಷ ಅದು ನನಗೇ ಗೊತ್ತಿರಲಿಲ್ಲ. ಒಂದು ಕಣ್ಣು ಜೋರು, ಒಂದು ಕಣ್ಣು ಮಂದ, ಎಲ್ಲರಿಗೂ ಹೀಗೇ ಎಂದುಕೊಂಡಿದ್ದೆ. ಸೂಜಿಗೆ ದಾರ ಪೋಣಿಸಲು ಬಾರದೆ, ಲೋಟದ ಹೊರಗೆ ಮಜ್ಜಿಗೆ ಸುರಿದು ನಮ್ಮವ್ವನ ಕೈಲಿ ಎಷ್ಟು ತಿಂದಿದ್ದೇನೆ. "ಕಣ್ಣ ಎಲ್ಲಿಟ್ಟಿದ್ದೀಯೆ" ಎನ್ನುತ್ತಿದ್ದಳು. ನಾನು ಒರಟಿ, ನನ್ನ ಕೈಯೇ ಸರಿಯಿಲ್ಲ ಎಂದು ಒಪ್ಪಿಕೊಂಡು ದೊಡ್ಡವಳಾದೆ. ನನಗೆ ಇನ್ನು ಏನೂ ಮಾಡಲು ಬರುವುದಿಲ್ಲವಂತೆ. ರಂಜಿಗೆ ಇನ್ನೂ ಹೊತ್ತಿದೆಯಂತೆ.

ನಾನು ತೆಗೆದ ಪಟ್ಟಿಯಿಂದ ಅವಳಿಗೆ ಎಷ್ಟು ತಿಂಗಳು ನಷ್ಟವಾಯಿತೋ, ಅದನ್ನು ನೆನೆದರೆ ಮನಸ್ಸು ಹಿಂಡಿದಂತಾಗುತ್ತದೆ. ಅವಳು ನಿನ್ನ ಹತ್ತಿರವೇ ಇರಲಿ. ನಾನು ಕೇಳುವುದಿಲ್ಲ.

ಸುಂದ್ರಮ್ಮ


ಉಡಿಗಾಲ
7-5-1995

ಅಕ್ಕ,

ನಿನ್ನೆ ರಂಜಿಯನ್ನು ಡಾಕ್ಟರಿಗೆ ತೋರಿಸಲು ಗುಂಡ್ಲುಪೇಟೆಗೆ ಬಂದಿದ್ದೆವು. ಮನೆಗೂ ಬಂದೆವು, ಬೀಗ ಹಾಕಿತ್ತು. ಪಕ್ಕದ ಮನೆಯವರು ನೀವಿಬ್ಬರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೀರಿ ಅಂದರು. ಅದಕ್ಕೆ ಬರೆಯುತ್ತಿದ್ದೇನೆ.

ಎಡಗಣ್ಣು ಬೋರ್ಡಿನಲ್ಲಿ ಎರಡು ಸಾಲು ಕೆಳಗೆ ಇಳಿದಿದೆ. ಪೂರ್ತಿ ಬರುತ್ತದೆ ಎಂದು ಡಾಕ್ಟರ್ ಮಾತು ಕೊಡಲಿಲ್ಲ. ಬರುತ್ತಿದೆ, ಬಿಡಬೇಡಿ ಅಂದರು. ಇವರು ಅಲ್ಲೇ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡರು.

ಸಂಜೆ ಪಟ್ಟಿ ಹಾಕಿ ನಾವಿಬ್ಬರೂ ಕನಕಾಂಬರ ಕಟ್ಟುತ್ತೇವೆ. ಈಗಲೂ ಗಲಾಟೆ ಮಾಡುತ್ತಾಳೆ. "ಉರೀತದೆ, ಬ್ಯಾಡ ಓಗು" ಎನ್ನುತ್ತಾಳೆ, ಹೂ ಎಸೆಯುತ್ತಾಳೆ, ನನ್ನ ಅಪ್ಪನ ಮನೆಯವರನ್ನೆಲ್ಲ ಬೈಯುತ್ತಾಳೆ. ಬೈಯಿಸಿಕೊಳ್ಳುತ್ತ ಕಟ್ಟುತ್ತೇನೆ. ಅತ್ತೆಗೆ ಆಶ್ಚರ್ಯ, "ಏನಮ್ಮಿ, ಮಗ್ಳು ಇಂಗ್ ಮಾತಾಡುದ್ರೂ ನಗ್ತಾ ಕುಂತಿದ್ದಿ?" ಅಂತ.

ರಾಜಮ್ಮಣ್ಣಿ ಮೇಡಂ ನಿನ್ನೆ ರಟ್ಟು ತೆಗೆಯಲಿಲ್ಲ. "ಏನೇನು ಕಷ್ಟ, ನೀನೇ ಹೇಳು" ಎಂದು ಎದುರಿಗೆ ಕೂತರು. ಅವಳು ಶುರು ಮಾಡಿದಳು ನೋಡು, ನಾವು ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಟೀಚರ್ ನೋಡ್ಕಂಡೂ ಸುಮ್ನಿದ್ರು, ಅಜ್ಜಿ ಹುಳಕ್ಕೆ ಅಳ್ತು, ಅಪ್ಪ ಯಾವುದ್ಕೂ ಮಾತಾಡಾಕಿಲ್ಲ, ದೊಡ್ಡವ್ವ ಸುಳ್ಳು ಬರೀತು, ಅವ್ವ ಕದ್ದು ನೋಡ್ತು. ಒಂದೊಂದಕ್ಕೂ ನಿಲ್ಲಿಸಿ, "ಬರ್ಕಂಡ್ರಾ?" ಎಂದು ಕೇಳುತ್ತಿದ್ದಳು. ಮೇಡಂ ಬರೆದುಕೊಂಡರು.

ನಿನಗೆ ಸುಳ್ಳು ಹೇಳುವುದಿಲ್ಲ ಅಕ್ಕ. ನಿನ್ನ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಎದ್ದರೆ ಆ ಗೇಟು ಕಣ್ಣ ಮುಂದೆ ಬರುತ್ತದೆ. ನಾನು ಬರೆದ ಆ ಒಂದು ಮಾತು ನಿನಗೂ ಹಾಗೇ ಬರುತ್ತಿರಬಹುದು. ಅದನ್ನು ಬರೆದ ಕೈ ನನ್ನದೇ, ಇಲ್ಲ ಎನ್ನಲಾರೆ. ಆದರೆ ಇನ್ನು ಮೇಲೆ ಏನೇ ಅನುಮಾನ ಬಂದರೂ ನಿನ್ನನ್ನೇ ಕೇಳುತ್ತೇನೆ. ಮಗುವನ್ನು ಕೇಳುವುದಿಲ್ಲ.

ರಜೆ ಮುಗಿಯುವ ಮೊದಲು ಹತ್ತು ದಿನ ಬಂದು ಇರು. ಸಂಜೆ ಹೂ ಕಟ್ಟಲು ನಿನ್ನ ಸರದಿಯೂ ಇರಲಿ, ನನಗೊಬ್ಬಳಿಗೇ ಬೈಯಿಸಿಕೊಂಡು ಸಾಕಾಗಿದೆ. ನೀನು ಬರುತ್ತೀಯ ಎಂದು ರಂಜಿಗೆ ಹೇಳಿದೆ. ಕೈಯ ಹೂ ಕೆಳಗಿಟ್ಟು, "ಬರ್ಲಿ. ಬಂದ್ರೆ ಹತ್ರಕ್ ಬಂದು ಮಾತಾಡಿಸ್ಬೇಕು. ದೂರದಲ್ ನಿಂತು ನೋಡ್ಕಂಡು ಹೋಗಂಗಿಲ್ಲ ಅಂತ ಬರಿ" ಅಂದಳು.

ಬರೆದಿದ್ದೇನೆ.

ನೀಲಾ